ಸೇನರು ನಮ್ಮವರೇ?

ಕಳೆದ ರಾಜ್ಯೋತ್ಸವಕ್ಕೆ ನ್ಯೂ ಟೌನ್‌ನಲ್ಲಿ ನಾಲ್ಕಾರು ಕನ್ನಡ ಕುಟುಂಬಗಳು ಸೇರಿದ್ದೆವು. ಮಾತಾಡುವ ಸರದಿ ನನ್ನದು. ವಾಟ್ಸಾಪ್‌ನಲ್ಲಿ ಬಂದದ್ದನ್ನೇ ಹೇಳಿಬಿಟ್ಟೆ: ಹೊಯ್ಸಳ ಬಲ್ಲಾಳನ ವಂಶದವರು ಬಂಗಾಳವನ್ನು ಗೆದ್ದು ಸೇನರೆಂಬ ಹೆಸರಲ್ಲಿ ಆಳಿದರು. ಚಪ್ಪಾಳೆ ಬಿತ್ತು. ಅತಿಥಿಯಾಗಿ ಬಂದಿದ್ದ ಪಕ್ಕದ ಫ್ಲ್ಯಾಟಿನ ನಿವೃತ್ತ ಇತಿಹಾಸ ಮೇಷ್ಟ್ರಿಗೆ ಅದನ್ನೇ ಹಿಂದಿಯಲ್ಲಿ ವಿವರಿಸಿದೆ. ಅವರು ಮೆಲ್ಲಗೆ ಕೇಳಿದರು: "ಇದು ಎಲ್ಲಿದೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಊರು ಬಿಟ್ಟು ಬಂದವನಿಗೆ ಇಲ್ಲಿ ಒಂದು ಹಳೆಯ ನಂಟು ಬೇಕಿತ್ತು, ಸಿಕ್ಕಿದ್ದನ್ನು ನಂಬಿದ್ದೆ.

ಆಮೇಲೆ ಹುಡುಕಿದೆ. ರಾಜಶಾಹಿ ಬಳಿಯ ದೇವಪಾಡಾದಲ್ಲಿ ಸಿಕ್ಕಿದ ವಿಜಯಸೇನನ ಶಾಸನವನ್ನು ಕೀಲ್‌ಹಾರ್ನ್ 'ಎಪಿಗ್ರಾಫಿಯಾ ಇಂಡಿಕಾ'ದ ಮೊದಲ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಮೂಲ ಪಾಠವನ್ನೇ ಕೊಟ್ಟಿರುವುದರಿಂದ ಅವರ ಮಾತನ್ನು ನಾವೇ ಪರೀಕ್ಷಿಸಬಹುದು. ಸೇನರ ಪೂರ್ವಜರು ದಕ್ಷಿಣದ ಅರಸರು, ಸಾಮಂತಸೇನ ಕರ್ನಾಟದ ಸಂಪತ್ತನ್ನು ದೋಚಿದವರನ್ನು ಸದೆಬಡಿದ ಎಂದು ಅದರಲ್ಲಿದೆ. ಲಕ್ಷ್ಮಣಸೇನನ ಮಾಧಾಯಿನಗರ ತಾಮ್ರಪಟ 'ಕರ್ನಾಟ ಕ್ಷತ್ರಿಯ' ಎಂದೇ ಹೇಳುತ್ತದೆ. ಅಂದರೆ ಕರ್ನಾಟಕದ ಮೂಲಕ್ಕೆ ಆಧಾರವಿದೆ. ಹೊಯ್ಸಳರ ನಂಟಿಗೆ? ಬಲ್ಲಾಳ ಎಂಬ ಹೆಸರು ಹೊಂದುವುದಷ್ಟೇ.

ಬಂದದ್ದು ಹೇಗೆ? ಪಾಲರ ತಾಮ್ರಪಟಗಳಲ್ಲಿ ಅವರ ಸೇವೆಯಲ್ಲಿದ್ದವರ ಸಾಲಿನಲ್ಲಿ ಕರ್ನಾಟರೂ ಇದ್ದಾರೆ. ಹಾಗೆ ನೌಕರಿಗೆ ಬಂದವರು ಮೇಲೇರಿರಬಹುದು. ಚಾಳುಕ್ಯ ವಿಕ್ರಮಾದಿತ್ಯನ ದಂಡಿನ ಜೊತೆ ಬಂದಿರಲೂಬಹುದು. ವಿದ್ವಾಂಸರು 'ಇರಬಹುದು' ಎಂದು ನಿಲ್ಲಿಸಿದ ಕಡೆ ನನ್ನ ವಾಟ್ಸಾಪ್ ಸಂದೇಶ 'ಗೆದ್ದರು' ಎಂದಿತ್ತು. ಬರೆದವರ ಹೆಸರಿರಲಿಲ್ಲ, ಆಧಾರವೂ ಇರಲಿಲ್ಲ.

ಹಾಗೆಂದು ಶಾಸನವೂ ಕಣ್ಣುಮುಚ್ಚಿ ನಂಬುವಂಥದ್ದಲ್ಲ. ದೇವಪಾಡಾದ್ದನ್ನು ರಚಿಸಿದವನು ಕವಿ ಉಮಾಪತಿಧರ. ಅದು ದೊರೆಯ ಹೊಗಳಿಕೆ. ವಂಶದ ಬಗ್ಗೆ ಸೇನರು ಏನೆಂದುಕೊಂಡಿದ್ದರು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಕದನದ ವರ್ಣನೆಗೆ ಅಷ್ಟು ಗಟ್ಟಿಯಲ್ಲ.

ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದೆ. ಅವರು ನಕ್ಕರು. "ಬಲ್ಲಾಳಸೇನನೇ ಕುಲೀನ ಪದ್ಧತಿ ತಂದ ಅಂತ ನಮ್ಮ ಮನೆಗಳಲ್ಲೂ ಹೇಳುತ್ತಾರೆ. ಸೇನರ ಶಾಸನಗಳಲ್ಲಿ ಅದರ ಸುದ್ದಿಯೇ ಇಲ್ಲ. ಅದು ಎಷ್ಟೋ ಕಾಲದ ನಂತರದ ಕುಲಗ್ರಂಥಗಳ ಮಾತು."

ಈ ಸಲದ ರಾಜ್ಯೋತ್ಸವದಲ್ಲಿ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ದಂಡೆತ್ತಿ ಬಂದ ವೀರರಿಗಿಂತ, ಕೆಲಸ ಹುಡುಕಿ ಬಂದಿರಬಹುದಾದ ಆ ಕರ್ನಾಟರೇ ನನಗೀಗ ಹೆಚ್ಚು ಹತ್ತಿರದವರಾಗಿ ಕಾಣುತ್ತಾರೆ.