ಪುಷ್ಪಕದಿಂದ ಹಂಸದವರೆಗೆ: ಲಘು ವಿಮಾನ ಸಾಕುವ ಖರ್ಚು

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ‘ಪುಷ್ಪಕ’ 1958ರಲ್ಲಿ ಮೊದಲು ಹಾರಿತು. ಎರಡು ಆಸನ, 90 ಅಶ್ವಶಕ್ತಿಯ ಎಂಜಿನ್, ಬಟ್ಟೆಯ ಹೊದಿಕೆ. ಇಷ್ಟು ಸರಳ ವಿಮಾನವೂ ಹೆಚ್ಚಾಗಿ ಸೇರಿದ್ದು ಫ್ಲೈಯಿಂಗ್ ಕ್ಲಬ್‌ಗಳನ್ನೇ. ಒಬ್ಬನೇ ಮಾಲೀಕನಿಗೆ ಕೊಳ್ಳುವ ಬೆಲೆಗಿಂತ ಸಾಕುವ ಖರ್ಚೇ ಭಾರ.

ಆ ಖರ್ಚು ಎರಡು ಬಗೆಯದು. ಹ್ಯಾಂಗರ್ ಬಾಡಿಗೆ, ವಿಮೆ, ಹಾರಾಟಯೋಗ್ಯತೆಯ ತಪಾಸಣೆ ಇವು ವಿಮಾನ ಹಾರಲಿ, ಬಿಡಲಿ, ತಪ್ಪುವಂಥವಲ್ಲ. ಇಂಧನ, ಎಣ್ಣೆ, ಟೈರು ಹಾರಿದಷ್ಟೇ. ಹೊಸಬರು ಮರೆಯುವುದು ಎಂಜಿನ್ನಿನ ಓವರ್‌ಹಾಲನ್ನು. ನಿಗದಿತ ಗಂಟೆಗಳು ತುಂಬಿದಾಗ ಎಂಜಿನ್ ಬಿಚ್ಚಿ ಹೊಸದಾಗಿ ಜೋಡಿಸಬೇಕು. ಆ ಮೊತ್ತವನ್ನು ಗಂಟೆಗಳಿಗೆ ಹಂಚಿ, ಪ್ರತಿ ಹಾರಾಟದಲ್ಲೂ ಎತ್ತಿಡುವುದೇ ಸರಿಯಾದ ಲೆಕ್ಕ. ಪುಷ್ಪಕದ ಬಟ್ಟೆಯೂ ಬಿಸಿಲು ಮಳೆಗೆ ಸವೆದು ಮರುಹೊದಿಕೆ ಬೇಡುತ್ತಿತ್ತು. ವರ್ಷಕ್ಕೆ ಹಾರುವ ಗಂಟೆಗಳು ಹೆಚ್ಚಿದಷ್ಟೂ ಸ್ಥಿರ ಖರ್ಚು ಹಂಚಿಹೋಗಿ ಗಂಟೆಯ ದರ ಇಳಿಯುತ್ತದೆ. ಕ್ಲಬ್‌ಗಳ ಹಂಚಿಕೆಯ ಮಾಲೀಕತ್ವ ಉಳಿದುಬಂದದ್ದು ಈ ಗಣಿತದಿಂದ.

ಬೆಂಗಳೂರಿನದೇ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1993ರಲ್ಲಿ ಹಾರಿಸಿದ ‘ಹಂಸ’ಕ್ಕೆ ಬಟ್ಟೆಯ ಬದಲು ಸಂಯುಕ್ತ ವಸ್ತುವಿನ ಮೈ ಬಂತು. ಮುಂದೆ ‘ಹಂಸ-3’ಕ್ಕೆ ಅಳವಡಿಸಿದ ರೋಟ್ಯಾಕ್ಸ್ ಎಂಜಿನ್ ಮೋಟಾರು ಪೆಟ್ರೋಲಿನಲ್ಲೂ ಓಡಬಲ್ಲದು. ದುಬಾರಿಯಾದ, ಎಲ್ಲೆಡೆ ಸಿಗದ ವಿಮಾನ ಪೆಟ್ರೋಲಿನ ಎದುರು ಇದು ದೊಡ್ಡ ಅನುಕೂಲ.