ಕಂಬದ ನಿಲುವು, ಮೊಣಕಾಲಿನ ಮಡಿಕೆ

ಕಿತ್ತೂರಿನ ಬಳಿಯ ದೇಗಾಂವಕ್ಕೆ ಹೋದವರು ಅಲ್ಲಿಯ ಕಮಲನಾರಾಯಣ ಗುಡಿಯ ಕಂಬಗಳನ್ನು ಮರೆಯಲಾರರು. ಗೋವೆಯ ಕದಂಬರ ಅರಸ ಪೆರ್ಮಾಡಿದೇವನ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಎಂಟು ನೂರು ವರುಷಗಳಿಂದ ಆ ಕಂಬಗಳು ಚಾವಣಿಯ ಭಾರವನ್ನು ಹೊತ್ತು ನಿಂತಿವೆ. ಆದರೆ ಅವುಗಳಿಗೆ ಹೊರುವ ಕೆಲಸವೊಂದೇ. ನಮ್ಮ ಮೊಣಕಾಲಿಗೆ ಹೊರುವುದೂ ಉಂಟು, ಮಡಿಯುವುದೂ ಉಂಟು. ಕೃತಕ ಮೊಣಕಾಲಿನ ಇತಿಹಾಸವೆಂದರೆ ಈ ಎರಡನ್ನೂ ಹೊಂದಿಸಲು ಮನುಷ್ಯನು ಪಟ್ಟ ಪಾಡಿನ ಇತಿಹಾಸವೇ.

1890ರಲ್ಲಿ ಬರ್ಲಿನ್ನಿನ ವೈದ್ಯ ಥೆಮಿಸ್ಟೋಕ್ಲಿಸ್ ಗ್ಲುಕ್, ಕ್ಷಯದಿಂದ ಕೆಟ್ಟ ಕೀಲಿಗೆ ಬದಲಾಗಿ ದಂತದ ತಿರುಗಣಿಯನ್ನು ಕೂಡಿಸಿದನು. ಸೋಂಕು ಅವನ ಸಾಹಸವನ್ನು ಕೆಡಿಸಿತು. 1951ರಲ್ಲಿ ಸ್ವೀಡನ್ನಿನ ವಾಲ್ಡಿಯುಸ್ ಬಾಗಿಲ ತಿರುಗಣಿಯಂತಹ ಕೀಲನ್ನು ಬಳಕೆಗೆ ತಂದನು. ಆದರೆ ನಿಜವಾದ ಮೊಣಕಾಲು ಬಾಗಿಲಿನಂತೆ ಮಡಿಯುವುದಷ್ಟೇ ಅಲ್ಲ. ಮಡಿಯುವಾಗ ತುಸು ತಿರುಚಿಕೊಳ್ಳುತ್ತದೆ, ಜಾರುತ್ತದೆ. ತಿರುಗಣಿಯು ಆ ತಿರುಚಿಗೆ ಎಡೆಗೊಡದಿದ್ದಾಗ ಅದರ ಎಳೆತವೆಲ್ಲ ಎಲುಬಿನೊಳಗೆ ನೆಟ್ಟ ದಂಡದ ಮೇಲೆ ಬೀಳುತ್ತಿತ್ತು, ದಂಡ ಸಡಿಲುತ್ತಿತ್ತು.

1974ರಲ್ಲಿ ನ್ಯೂಯಾರ್ಕಿನಲ್ಲಿ ಇನ್ಸಾಲ್, ವಾಕರ್ ಇವರೊಡನೆ ನಮ್ಮ ದೇಶದವರೇ ಆದ ಚಿತ್ತರಂಜನ ರಾಣಾವತ್ ಸೇರಿ ರೂಪಿಸಿದ ಕೀಲಿನಲ್ಲಿ ತಿರುಗಣಿಯೇ ಇರಲಿಲ್ಲ. ತೊಡೆಯೆಲುಬಿಗೆ ಲೋಹದ ಹೊದಿಕೆ, ಕೆಳಗೆ ಪಾಲಿಥೀನಿನ ಹಾಸು. ಪ್ರಧಾನಿ ವಾಜಪೇಯಿಯವರ ಎರಡು ಮೊಣಕಾಲುಗಳನ್ನೂ 2000 ಮತ್ತು 2001ರಲ್ಲಿ ಮುಂಬಯಿಯಲ್ಲಿ ಬದಲಿಸಿದವರು ಇದೇ ರಾಣಾವತ್.

ಸಡಿಲುವ ಪೀಡೆ ತಗ್ಗಿತು, ಆದರೆ ಸವೆಯುವ ಪೀಡೆ ಎದ್ದಿತು. ಕ್ರಿಮಿಶುದ್ಧಿಗೆಂದು ಗಾಳಿಯಲ್ಲಿಯೇ ಗಾಮಾ ಕಿರಣಕ್ಕೆ ಒಡ್ಡಿದ ಹಾಸು ಕ್ರಮೇಣ ಆಮ್ಲಜನಕದಿಂದ ಪೆಡಸಾಗಿ, ಪದರುಪದರಾಗಿ ಏಳುವುದು ಕಂಡುಬಂದಿತು. ತೆಳುವಾದ ಹಾಸಂತೂ ಬೇಗನೆ ಸವೆಯಿತು. ಉದುರಿದ ಕಣಗಳನ್ನು ನುಂಗಲು ಹೊರಟ ದೇಹದ ಜೀವಕೋಶಗಳು ಕೆರಳಿ ಸುತ್ತಲಿನ ಎಲುಬೇ ಕರಗುತ್ತಿತ್ತು. ಕಡೆಗೆ ಕೀಲು ಮತ್ತೆ ಸಡಿಲುತ್ತಿತ್ತು. 1990ರ ದಶಕದಿಂದ ಶುದ್ಧಿಯ ವಿಧಾನ ಬದಲಾಯಿತು, ಹಾಸೂ ಗಟ್ಟಿಯಾಯಿತು. ಒಂದೊಂದು ಸುಧಾರಣೆಯೂ ಒಂದೊಂದು ಸೋಲನ್ನು ಮರೆಮಾಚದೆ ಒಪ್ಪಿಕೊಂಡುದರ ಫಲ.

ಈ ಮಾತು ನಮಗೇಕೆ? ನೆಲಕ್ಕೆ ಕುಳಿತು ಉಂಡು, ಕುಕ್ಕುರುಗಾಲಿನಲ್ಲಿ ದುಡಿದು ಮೊಣಕಾಲು ಸವೆಸಿಕೊಂಡ ಹಿರಿಯರು ನಮ್ಮ ಮನೆಮನೆಯಲ್ಲಿಯೂ ಇದ್ದಾರೆ. ಹೊಸ ಕೀಲು ಅವರಿಗೆ ವರವೇ ಸರಿ. ಆದರೆ ಅದೂ ಸವೆಯುವ ವಸ್ತು. ಎಲುಬು ಕರಗುವಾಗ ಮೊದಮೊದಲು ನೋವೇ ಇರದಿರಬಹುದು. ಆದುದರಿಂದ ನೆಟ್ಟಗೆ ನಡೆಯುತ್ತಿರುವಾಗಲೂ ವೈದ್ಯರು ಹೇಳಿದ ಕಾಲಕ್ಕೆ ಕ್ಷಕಿರಣದ ಚಿತ್ರ ತೆಗೆಸಬೇಕು. ಹೊಸದಾಗಿ ಬಾವು, ನೋವು, ಓಲಾಟ ಕಂಡರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬಾರದು.

ದೇಗಾಂವದ ಕಂಬ ಎಂಟು ಶತಮಾನ ನಿಂತಿದೆ, ನಡೆಯಲಿಲ್ಲವಾಗಿ. ನಡೆಯುವುದಕ್ಕೆ ಸವೆತ ತಪ್ಪದು.