ಸ್ಕ್ಯಾಂಡಿಯಂ ನೈಟ್ರೈಡ್: ಗುಣ, ಬಳಕೆ ಮತ್ತು ದೇವನಹಳ್ಳಿ ಸೀಮೆಯ ಅವಕಾಶ

ವಿರಳ ಭೂಧಾತುಗಳೆಂದು ಗುರುತಿಸಲಾದ 17 ಮೂಲವಸ್ತುಗಳಲ್ಲಿ ಅತಿ ಹಗುರವಾದದ್ದು ಸ್ಕ್ಯಾಂಡಿಯಂ. 1879ರಲ್ಲಿ ಸ್ವೀಡನ್ನಿನ ನಿಲ್ಸನ್ ಇದನ್ನು ಕಂಡುಹಿಡಿದರು. ಸಾರಜನಕದೊಡನೆ ಕೂಡಿ ಇದು ಕೊಡುವ ಸ್ಕ್ಯಾಂಡಿಯಂ ನೈಟ್ರೈಡ್ ಕುರಿತು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಗ್ಗುಲಲ್ಲೇ ಗಟ್ಟಿ ಸಂಶೋಧನೆ ನಡೆದಿದೆ. ದೇವನಹಳ್ಳಿ ಹೆದ್ದಾರಿಗೆ ಹತ್ತಿರದ ಜಕ್ಕೂರಿನಲ್ಲಿ, 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಬಿವಾಸ್ ಸಾಹಾ ಅವರ ತಂಡ ಇದರ ತೆಳುಪದರಗಳನ್ನು ಬೆಳೆಸಿ ಅಧ್ಯಯನ ಮಾಡುತ್ತಿದೆ. ಈ ವಸ್ತುವಿನ ಏಳುಬೀಳೆಲ್ಲ ಆಮ್ಲಜನಕವನ್ನು ಎಷ್ಟರಮಟ್ಟಿಗೆ ದೂರವಿಡಬಲ್ಲೆವು ಎಂಬುದರ ಮೇಲೆ ನಿಂತಿದೆ ಎಂಬುದು ಈ ಲೇಖನದ ವಾದ.

ವಿರಳ ಭೂಧಾತುಗಳ ನೈಟ್ರೈಡ್‌ಗಳಲ್ಲಿ ಹೆಚ್ಚಿನವು ತೇವದ ಗಾಳಿಗೆ ತಾಳುವುದಿಲ್ಲ. ಸುಮಾರು 70 ಕೆಲ್ವಿನ್‌ಗಿಂತ ಕೆಳಗೆ ಅಯಸ್ಕಾಂತವಾಗುವ ಗ್ಯಾಡೊಲಿನಿಯಂ ನೈಟ್ರೈಡ್ ಎಷ್ಟೇ ಆಕರ್ಷಕವಾದರೂ ರಕ್ಷಣಾ ಹೊದಿಕೆಯಿಲ್ಲದೆ ಹೊರಗಿಟ್ಟರೆ ಕೆಡುತ್ತದೆ. ಸ್ಕ್ಯಾಂಡಿಯಂ ನೈಟ್ರೈಡ್ ಹಾಗಲ್ಲ. ಅದರ ಕರಗುವ ಬಿಂದು ಸುಮಾರು 2600 ಡಿಗ್ರಿ ಸೆಲ್ಸಿಯಸ್. ಗಡಸುತನ 20 ಗಿಗಾಪ್ಯಾಸ್ಕಲ್ ದಾಟುತ್ತದೆ. ಅಡುಗೆ ಉಪ್ಪಿನದೇ ಘನಾಕೃತಿಯ ಹರಳುರಚನೆ, ಅಂಚು 0.45 ನ್ಯಾನೊಮೀಟರ್. ಪರೋಕ್ಷ ಶಕ್ತಿ ಅಂತರ ಸುಮಾರು 0.9 ಎಲೆಕ್ಟ್ರಾನ್ ವೋಲ್ಟ್, ನೇರ ಅಂತರ 2.1ರಿಂದ 2.2. ನೀಲಿ, ಹಸಿರು ಬೆಳಕನ್ನು ಹೀರಿ ಕೆಂಪನ್ನು ಬಿಟ್ಟುಕೊಡುವುದರಿಂದ ಒಳ್ಳೆಯ ಪದರವನ್ನು ಬೆಳಕಿಗೆ ಹಿಡಿದರೆ ಕಿತ್ತಳೆಗೆಂಪಾಗಿ ಕಾಣುತ್ತದೆ.

ಆಮ್ಲಜನಕದ ಕಾಟ ಎಂಥದ್ದು ಎಂಬುದಕ್ಕೆ ಎರಡು ಅಂಕಿ ಸಾಕು. ಒಂದು ಮೋಲ್ ಸ್ಕ್ಯಾಂಡಿಯಂ ಲೋಹ ಆಕ್ಸೈಡ್ ಆದಾಗ ಬಿಡುಗಡೆಯಾಗುವ ಶಾಖ ಸುಮಾರು 950 ಕಿಲೋಜೂಲ್; ನೈಟ್ರೈಡ್ ಆದಾಗ ಸುಮಾರು 310. ಹೀಗಾಗಿ ಉತ್ಕೃಷ್ಟ ನಿರ್ವಾತ ಕೋಣೆಯಲ್ಲಿ, ನೂರಾರು ಡಿಗ್ರಿಗೆ ಕಾಯಿಸಿದ ಮೆಗ್ನೀಸಿಯಂ ಆಕ್ಸೈಡ್ ಹರಳಿನ ಮೇಲೆ ಪದರ ಬೆಳೆಯುವಾಗಲೂ ಅಳಿದುಳಿದ ನೀರಾವಿಯಿಂದ ಆಮ್ಲಜನಕ ಒಳನುಸುಳಿ ಸಾರಜನಕದ ಜಾಗ ಹಿಡಿಯುತ್ತದೆ. ಅದಕ್ಕೆ ಒಂದು ಎಲೆಕ್ಟ್ರಾನ್ ಹೆಚ್ಚು. ಆ ಹೆಚ್ಚುವರಿ ಎಲೆಕ್ಟ್ರಾನ್ ಪದರದಲ್ಲಿ ಓಡಾಡತೊಡಗುತ್ತದೆ. ಲೆಕ್ಕ ಹಾಕಿ ನೋಡಬಹುದು: ಒಂದು ಘನ ಸೆಂಟಿಮೀಟರಿನಲ್ಲಿ ಸಾರಜನಕದ ಸ್ಥಾನಗಳು ಸುಮಾರು 4.4×10²². ಶೇಕಡ 1ರಷ್ಟರಲ್ಲಿ ಆಮ್ಲಜನಕ ಕೂತರೂ 4.4×10²⁰ ಎಲೆಕ್ಟ್ರಾನ್‌ಗಳು ಬಂದಂತಾಯಿತು. ಪದರಗಳು ಅರೆವಾಹಕಕ್ಕಿಂತ ಲೋಹದಂತೆ ವರ್ತಿಸುವುದು ಈ ಕಾರಣಕ್ಕೆ. ಮೆಗ್ನೀಸಿಯಂ ಬೆರಸಿ ಈ ಎಲೆಕ್ಟ್ರಾನ್‌ಗಳನ್ನು ಸರಿದೂಗಿಸಿ, ರಂಧ್ರವಾಹಕ ಪದರವನ್ನೂ ಪಡೆಯಬಹುದೆಂದು ಸಾಹಾ ಮತ್ತು ಸಂಗಡಿಗರು ತೋರಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಈ ವಸ್ತುವಿನ ಚರಿತ್ರೆಯಲ್ಲಿ ಇದು ನಿರ್ಣಾಯಕ ಹೆಜ್ಜೆ. ಅವಗೆಂಪು ಬೆಳಕನ್ನು ಹಿಡಿದಿಡುವ ಪೊಲಾರಿಟಾನ್‌ಗಳ ಅಧ್ಯಯನ, ಮಿದುಳಿನ ನರಸಂಧಿಯನ್ನು ಅನುಕರಿಸುವ ದ್ಯುತಿ ಸಾಧನ, ಎರಡೂ ಜಕ್ಕೂರಿನಿಂದ ಹೊರಬರಲು ಎಲೆಕ್ಟ್ರಾನ್ ಸಾಂದ್ರತೆಯ ಮೇಲಿನ ಈ ಹಿಡಿತವೇ ಆಧಾರ.

ಶಾಖದಿಂದ ವಿದ್ಯುತ್ ಪಡೆಯುವ ಆಸೆಯನ್ನು ಮಾತ್ರ ಅಳೆದು ನೋಡಬೇಕು. 840 ಕೆಲ್ವಿನ್‌ನಲ್ಲಿ ಸ್ಕ್ಯಾಂಡಿಯಂ ನೈಟ್ರೈಡ್‌ನ ಪವರ್ ಫ್ಯಾಕ್ಟರ್ ಸುಮಾರು 3.3 ಮಿಲಿವ್ಯಾಟ್ ಪ್ರತಿ ಮೀಟರ್ ಪ್ರತಿ ಕೆಲ್ವಿನ್ ವರ್ಗ ಎಂದು ದಾಖಲಾಗಿದೆ, ಬಹಳ ಒಳ್ಳೆಯ ಅಂಕಿ. ಆದರೆ ಶಾಖವಾಹಕತೆ 10 ವ್ಯಾಟ್ ಪ್ರತಿ ಮೀಟರ್ ಪ್ರತಿ ಕೆಲ್ವಿನ್ ಆಸುಪಾಸಿನಲ್ಲಿರುವುದರಿಂದ ದಕ್ಷತೆಯ ಸೂಚ್ಯಂಕ 0.3ರ ಒಳಗೇ ನಿಲ್ಲುತ್ತದೆ. ಟೈಟೇನಿಯಂ ನೈಟ್ರೈಡ್‌ನಂಥ ಲೋಹದ ಪದರಗಳನ್ನು ನಡುನಡುವೆ ಸೇರಿಸಿ ಶಾಖವನ್ನು ತಡೆಯುವುದೇ ಮುಂದಿನ ದಾರಿ.

ಮಾರುಕಟ್ಟೆ ಮುಟ್ಟಿರುವುದು ಬೇರೊಂದು ರೂಪ. 2009ರಲ್ಲಿ ಜಪಾನಿನ ಅಕಿಯಾಮಾ ತಂಡ ಅಲ್ಯುಮಿನಿಯಂ ನೈಟ್ರೈಡ್‌ಗೆ ಸ್ಕ್ಯಾಂಡಿಯಂ ಸೇರಿಸಿದಾಗ, ಅದರ ಪಾಲು ಶೇಕಡ 43ರ ಹೊತ್ತಿಗೆ, ಪೀಜೋವಿದ್ಯುತ್ ಗುಣ ಸುಮಾರು ಐದು ಪಟ್ಟಾಯಿತು. ಅಲ್ಯುಮಿನಿಯಂ ನೈಟ್ರೈಡ್‌ನದು ಷಟ್ಕೋನ ರಚನೆ, ಸ್ಕ್ಯಾಂಡಿಯಂ ನೈಟ್ರೈಡ್‌ನದು ಘನ ರಚನೆ. ಎರಡರ ಜಗ್ಗಾಟದಲ್ಲಿ ಹರಳು ಮೆದುವಾಗುತ್ತದೆ. 5ಜಿ ಫೋನುಗಳ ರೇಡಿಯೊ ಫಿಲ್ಟರ್‌ಗಳಿಗೆ ಈ ಮಿಶ್ರಣ ಬಳಕೆಗೆ ಬಂದಿದೆ. 2025ರಲ್ಲಿ ದೇವನಹಳ್ಳಿ ತಾಲ್ಲೂಕಿನ ಫಾಕ್ಸ್‌ಕಾನ್ ಘಟಕದಲ್ಲಿ ಐಫೋನ್ ಜೋಡಣೆ ಆರಂಭವಾಗಿದೆ. ಜೋಡಣೆ ಬಂದಿದೆ, ಫಿಲ್ಟರಿನ ಪದರ ಬೆಳೆಸುವ ವಿದ್ಯೆ ಅದೇ ರಸ್ತೆಯ ಪ್ರಯೋಗಾಲಯದಲ್ಲಿದೆ. ಇವೆರಡನ್ನು ಬೆಸೆಯುವ ಉದ್ಯಮ ಇನ್ನೂ ಬರಬೇಕಿದೆ.

ಕಚ್ಚಾವಸ್ತುವಿನ ಪ್ರಶ್ನೆ ಉಳಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತು ನಿಯಂತ್ರಣ ಹೇರಿದ ಏಳು ಧಾತುಗಳಲ್ಲಿ ಸ್ಕ್ಯಾಂಡಿಯಂ ಸೇರಿದೆ. ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರಿನಲ್ಲಿ ಈ ಧಾತು ಅಲ್ಪ ಪ್ರಮಾಣದಲ್ಲಿ ಸೇರಿಕೊಳ್ಳುತ್ತದೆ. ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆ ದಶಕಗಳಿಂದ ಅಂಥ ಕೆಸರನ್ನು ಹೊರಹಾಕುತ್ತ ಬಂದಿದೆ. ನಮ್ಮ ಲೋಹವಿಜ್ಞಾನಿಗಳೂ ಭೂವಿಜ್ಞಾನಿಗಳೂ ಆ ಕೆಸರಿನ ರಾಶಿಯನ್ನು ಪದರಪದರವಾಗಿ ವಿಶ್ಲೇಷಿಸಿ, ಸ್ಕ್ಯಾಂಡಿಯಂ ಪ್ರಮಾಣವನ್ನೂ ಬೇರ್ಪಡಿಸುವ ಖರ್ಚನ್ನೂ ಪ್ರಕಟಿಸುವ ಕೆಲಸಕ್ಕೆ ಕೈಹಾಕಬೇಕು.